ಕಡವು ದಾಟುವ ಮುನ್ನ ಒಂದು ಚಿತ್ರ

ಬಾಲಾನಗರದಲ್ಲಿ ನದಿಯಿಲ್ಲ. ಕಾರ್ಖಾನೆಗಳುಂಟು, ಲೇತುಗಳ ಸದ್ದು ತುಂಬಿದ ಚಿಕ್ಕಪುಟ್ಟ ಶೆಡ್ಡುಗಳುಂಟು, 2021ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಉದ್ದನೆಯ ಮೇಲ್ಸೇತುವೆಯುಂಟು. ಆದರೆ ಆ ಸೇತುವೆಯಡಿ ಹರಿಯುವುದು ಲಾರಿ, ಬಸ್ಸು, ಆಟೋರಿಕ್ಷಾಗಳ ಪ್ರವಾಹವೇ ಹೊರತು ನೀರಲ್ಲ. ಉದ್ಯೋಗನಿಮಿತ್ತ ಇಲ್ಲಿಗೆ ಬಂದು ನೆಲೆನಿಂತ ಕನ್ನಡ ಕುಟುಂಬಗಳ ಊರು ಯಾವುದೆಂದು ವಿಚಾರಿಸಿದರೆ ಮಾತ್ರ, ಒಂದಲ್ಲ ಒಂದು ಹೊಳೆಯ ಹೆಸರು ಮಾತಿನ ನಡುವೆ ತಾನಾಗಿ ಬಂದುಬಿಡುತ್ತದೆ. ಒಬ್ಬರದು ಶರಾವತಿ, ಮತ್ತೊಬ್ಬರದು ತುಂಗಭದ್ರೆ, ಇನ್ನೊಬ್ಬರದು ಕೃಷ್ಣೆ. ಹೊಳೆಯೆಂದ ಮೇಲೆ ಅದನ್ನು ದಾಟುವ ತಾಣವೊಂದು ಇರಲೇಬೇಕು. ಕರಾವಳಿ, ಮಲೆನಾಡುಗಳಲ್ಲಿ ಅದನ್ನು ಕಡವು ಎನ್ನುವರು. ತುಂಗಭದ್ರೆಯ ಕಡೆಗೆ ಘಟ್ಟವೆನ್ನುವರು. ದೋಣಿ, ಹರಿಗೋಲು, ಲಾಂಚು, ಜಂಗಲ್ ಎಂದು ದಾಟಿಸುವ ಸಾಧನಗಳ ಹೆಸರುಗಳು ಬೇರೆ ಬೇರೆಯಾದರೂ, ಆಚೆ ದಡದಲ್ಲಿ ನಿಂತವರು ‘ಹೋ’ ಎಂದು ಕೂಗಿ ಅಂಬಿಗನನ್ನು ಕರೆಯುವ ರೀತಿ ಎಲ್ಲೆಡೆಯೂ ಒಂದೇ.

ಈ ಕುಟುಂಬಗಳ ಛಾಯಾಚಿತ್ರದ ಆಲ್ಬಮುಗಳನ್ನು ತೆರೆದು ನೋಡಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಮದುವೆಯ ಮಂಟಪವಿದೆ, ಜೋಗದ ಜಲಪಾತವಿದೆ, ಹಂಪೆಯ ಕಲ್ಲಿನ ರಥವಿದೆ, ಗೋಕರ್ಣದ ಸಮುದ್ರವಿದೆ. ಆದರೆ ಆ ಊರುಗಳಿಗೆ ಹೋಗುವಾಗ ಗಂಟೆಗಟ್ಟಲೆ ಕಾದು ಕುಳಿತ ಕಡವು, ಚೀಲಗಳ ನಡುವೆ ಮುದುರಿ ಕುಳಿತ ಅಜ್ಜಿ, ಗಳ ಊರಿ ದೋಣಿಯನ್ನು ದಡದಿಂದ ಬಿಡಿಸುವ ಅಂಬಿಗ, ಇವರ ಚಿತ್ರಗಳು ಇಲ್ಲ. ದಾಟುವುದು ಒಂದು ಕೆಲಸವೇ ಹೊರತು ನೋಟವಲ್ಲವೆಂದು ಆಗಿನವರು ತಿಳಿದಿದ್ದರು. ರೀಲಿನಲ್ಲಿ 36 ಚಿತ್ರಗಳಿಗೆ ಮಾತ್ರ ಜಾಗವಿದ್ದ ಕಾಲದಲ್ಲಿ ಅದನ್ನು ಜಿಪುಣತನವೆನ್ನಲಾಗದು, ಮಿತವ್ಯಯವೆಂದೇ ಹೇಳಬೇಕು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಕಡವುಗಳು ಮಾತ್ರ ಒಂದೊಂದಾಗಿ ಸೇತುವೆಗಳಿಗೆ ಸ್ಥಾನ ಬಿಟ್ಟುಕೊಡುತ್ತಿವೆ.

ಬಾಲಾನಗರಕ್ಕೂ ಈ ವಿಷಯಕ್ಕೂ ಇರುವ ಒಂದು ನಂಟನ್ನು ಇಲ್ಲಿ ಹೇಳದಿರಲಾಗದು. ರಾಷ್ಟ್ರೀಯ ದೂರಸಂವೇದಿ ಕೇಂದ್ರವಿರುವುದು ಇದೇ ಬಾಲಾನಗರದಲ್ಲಿ. ಉಪಗ್ರಹಗಳು ಕಳುಹಿಸುವ ಭೂಮಿಯ ಚಿತ್ರಗಳನ್ನು ಸಂಸ್ಕರಿಸಿ, ಕೆರೆ, ನದಿ, ಜಲಾಶಯಗಳಲ್ಲಿ ನೀರು ಎಲ್ಲಿಯವರೆಗೆ ಹಬ್ಬಿದೆ, ಎಲ್ಲಿ ಹಿಂದೆ ಸರಿದಿದೆ ಎಂದು ಲೆಕ್ಕ ಹಾಕುವ ಸಂಸ್ಥೆಯದು. ಲಿಂಗನಮಕ್ಕಿಯ ಹಿನ್ನೀರಿನ ಕೊಂಬೆ ಕೊಂಬೆಯೂ ಅಂತಹ ಚಿತ್ರದಲ್ಲಿ ಕಾಣುತ್ತದೆ. ಆ ನೀರಿನ ಮೇಲೆ ದಿನವೂ ಸಾಗಿದ ಲಾಂಚಿನಲ್ಲಿ ಯಾರು ಕುಳಿತಿದ್ದರು, ಏಕೆ ಹೋಗುತ್ತಿದ್ದರು ಎಂಬುದು ಅಷ್ಟು ಎತ್ತರದಿಂದ ಕಾಣುವಂಥದ್ದಲ್ಲ. ಅದನ್ನು ದಡದ ಮೇಲೆ ನಿಂತವರೇ ತೆಗೆಯಬೇಕು.

ಶರಾವತಿಯ ಲಾಂಚು

ಕನ್ನಡನಾಡಿನ ಕಡವುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಜನ ಚಿತ್ರ ತೆಗೆದದ್ದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು-ಕಳಸವಳ್ಳಿಯ ನಡುವಿನದು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋದವರೆಲ್ಲರೂ ಇಲ್ಲಿಯ ಲಾಂಚು ಹತ್ತಿದವರೇ. ಅಗಲವಾದ ಕಬ್ಬಿಣದ ತಳ, ಅದರ ಮೇಲೆ ಒತ್ತೊತ್ತಾಗಿ ನಿಂತ ಜೀಪು, ಕಾರು, ದ್ವಿಚಕ್ರವಾಹನಗಳು, ಅವುಗಳ ಸಂದಿಯಲ್ಲಿ ಜನ. ಸುತ್ತ ಕಾಡಿನ ಗುಡ್ಡಗಳು, ನೀರಿನಿಂದ ಮೇಲೆದ್ದ ಒಣಮರಗಳ ಬೊಡ್ಡೆಗಳು. ಕ್ಯಾಮೆರಾ ಇದ್ದವನಿಗೆ ಇದಕ್ಕಿಂತ ಮಿಗಿಲಾದ ದೃಶ್ಯ ಬೇಕಿಲ್ಲ. ಪ್ರವಾಸಿಗರು ತೆಗೆದ ಸಾವಿರಾರು ಚಿತ್ರಗಳು ಇಂದಿಗೂ ಮನೆಮನೆಗಳಲ್ಲಿ ಇವೆ. ಅವುಗಳಲ್ಲಿ ಹೆಚ್ಚಿನವು ಲಾಂಚಿನ ಅಂಚಿನಲ್ಲಿ ನಿಂತು, ಬೆನ್ನ ಹಿಂದೆ ನೀರು ಬರುವಂತೆ ತೆಗೆಸಿಕೊಂಡವು.

ಆದರೆ ಆ ಒಣಮರಗಳ ಬೊಡ್ಡೆಗಳು ಅಲ್ಲಿಗೆ ಬಂದ ಬಗೆಯನ್ನು ಚಿತ್ರ ಹೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಸುಮಾರು 300 ಚದರ ಕಿಲೋಮೀಟರುಗಳಷ್ಟು ಪ್ರದೇಶವನ್ನು ನೀರು ಆವರಿಸಿತು. ಅದಕ್ಕೂ ಹಿಂದೆ, 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನೂ ಆ ನೀರು ನುಂಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಆ ಹಳೆಯ ಕಟ್ಟೆ ಇಂದಿಗೂ ತಲೆಯೆತ್ತಿ ಕಾಣಿಸಿಕೊಳ್ಳುವುದುಂಟು. ಅಡಕೆಯ ತೋಟ, ಗದ್ದೆ, ಮನೆ, ಊರಿನ ದಾರಿ ಎಲ್ಲವೂ ಮುಳುಗಿದವು. ನಾಡಿಗೆ ಬೆಳಕು ಬಂತು. ಬೆಂಗಳೂರಿನ ಕಾರ್ಖಾನೆಗಳ ಯಂತ್ರಗಳು ತಿರುಗಿದವು. ತುಮರಿಯ ಸುತ್ತಲಿನ ಕರೂರು-ಬಾರಂಗಿ ಹೋಬಳಿಯ ಹಳ್ಳಿಗಳು ಮಾತ್ರ ಮೂರು ಕಡೆ ನೀರಿನಿಂದ ಸುತ್ತುವರಿದು, ತಾಲ್ಲೂಕಿನ ಪಟ್ಟಣವಾದ ಸಾಗರದಿಂದ ದೂರವಾದವು. ಕಾರ್ಗಲ್ಲಿನ ಕಡೆಯಿಂದ ಬಹಳ ಸುತ್ತಿ ಬರಬೇಕು, ಇಲ್ಲವೇ ಲಾಂಚಿಗೆ ಕಾಯಬೇಕು. ಯಾವ ಹಿನ್ನೀರು ಅವರ ದಾರಿಯನ್ನು ಕಿತ್ತುಕೊಂಡಿತೋ, ಅದೇ ನೀರಿನ ಮೇಲಿನ ಲಾಂಚು ಅವರಿಗೆ ದಾರಿಯಾಯಿತು.

ಸ್ಮರಣ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೃದಯಾಘಾತವಾದವನಿಗೆ ಮೊದಲ ಒಂದು ಗಂಟೆ ಅಮೂಲ್ಯವೆಂದು ವೈದ್ಯರು ಹೇಳುತ್ತಾರೆ. ಕತ್ತಲಾದ ಮೇಲೆ ಲಾಂಚು ನಿಂತುಬಿಡುತ್ತಿದ್ದ ಆ ಹಳ್ಳಿಗಳಲ್ಲಿ, ರಾತ್ರಿ ಹಾವು ಕಚ್ಚಿದವನಿಗೆ, ಹೆರಿಗೆಯ ನೋವು ಆರಂಭವಾದ ಹೆಣ್ಣುಮಗಳಿಗೆ ಆ ಒಂದು ಗಂಟೆ ಎಲ್ಲಿ ದೊರೆಯಬೇಕು? ಬೇಸಗೆಯಲ್ಲಿ ನೀರಿನ ಮಟ್ಟ ಇಳಿದರೆ ದಡಕ್ಕೆ ಲಾಂಚು ತಾಗದೆ ವಾಹನಗಳನ್ನು ಸಾಗಿಸುವುದು ನಿಲ್ಲುತ್ತಿತ್ತು. ಜನ ಮಾತ್ರ ದಾಟಿ, ಆಚೆ ದಡದಲ್ಲಿ ಬೇರೆ ವಾಹನ ಹಿಡಿಯಬೇಕಾಗುತ್ತಿತ್ತು. ರಜಾದಿನಗಳಲ್ಲಂತೂ ಪ್ರವಾಸಿಗರ ಕಾರುಗಳ ಸಾಲು ದಡದಿಂದ ಹಿಂದಕ್ಕೆ ಬೆಳೆಯುತ್ತಿತ್ತು. ಸಂತೆಗೆ ಹೋದ ಊರಿನವನೂ ಆ ಸಾಲಿನಲ್ಲಿಯೇ. ಮಟ್ಟ 1819 ಅಡಿಗೆ ಏರಿತೆಂದು ಪತ್ರಿಕೆಯಲ್ಲಿ ಬಂದರೆ ನಗರದವರಿಗೆ ಅದು ವಿದ್ಯುತ್ತಿನ ಸುದ್ದಿ, ತುಮರಿಯವರಿಗೆ ಲಾಂಚಿನ ಸುದ್ದಿ.

ಈ ನೋವನ್ನು ಕನ್ನಡದಲ್ಲಿ ಮೊದಲಿಗೆ ಬರೆದು ತೋರಿಸಿದವರಲ್ಲಿ ಸಾಗರದ ನಾ. ಡಿಸೋಜ ಪ್ರಮುಖರು. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನಾಗಿಸಿದಾಗ ಅದು ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಪಡೆಯಿತು, ಅದರ ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಮಳೆ, ಏರುತ್ತಿರುವ ನೀರು, ಅದರ ನಡುವೆ ಒಂದು ಮನೆ. ಇಷ್ಟನ್ನೇ ಹಿಡಿದು ಕ್ಯಾಮೆರಾ ಎಷ್ಟು ಹೇಳಬಲ್ಲದೆಂದು ತಿಳಿಯಬಯಸುವ ಹವ್ಯಾಸಿಗಳು ಆ ಚಿತ್ರವನ್ನು ಒಮ್ಮೆಯಾದರೂ ನೋಡಬೇಕು. ಅಲ್ಲಿ ನೀರು ಚೆಲುವಾಗಿಯೂ ಇದೆ, ಭಯಂಕರವಾಗಿಯೂ ಇದೆ.

2018ರಲ್ಲಿ ಶಂಕುಸ್ಥಾಪನೆಯಾಗಿದ್ದ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಜನವರಿಯಲ್ಲಿ ನಾ. ಡಿಸೋಜ ತೀರಿಕೊಂಡಿದ್ದರು. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷಗಳ ಅಂತರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಅಸಲನ್ನು ಮೊದಲೇ ಕಟ್ಟಿಸಿಕೊಂಡು ಸಾಲವನ್ನು ಎರಡು ತಲೆಮಾರಿನ ನಂತರ ಮಂಜೂರು ಮಾಡಿದಂತಾಯಿತು. ಲಾಂಚಿನ ದಿನಗಳು ಮುಗಿದುವೆಂದು ಪೇಟೆಯ ಛಾಯಾಗ್ರಾಹಕರು ಮರುಗಿದರೆ, ತುಮರಿಯ ಜನ ಸಿಹಿ ಹಂಚಿದ್ದರಲ್ಲಿ ಆಶ್ಚರ್ಯವಿಲ್ಲ. ಇಬ್ಬರ ಭಾವನೆಯೂ ಸಹಜ. ಆದರೆ ಇಬ್ಬರದೂ ಸಮಾನವಲ್ಲ. ದಿನವೂ ದಾಟಿದವನ ಮಾತಿಗೇ ಹೆಚ್ಚಿನ ತೂಕ.

ಹಾಗೆಂದು ಚಿತ್ರ ತೆಗೆಯುವುದು ಬೇಡವೆಂದಲ್ಲ. ಹೇಗೆ ತೆಗೆಯಬೇಕೆಂಬುದು ಇಲ್ಲಿಂದಲೇ ತಿಳಿಯುತ್ತದೆ. ಸೂರ್ಯಾಸ್ತದ ಬಣ್ಣದಲ್ಲಿ ಮುಳುಗಿದ ಲಾಂಚಿನ ಕಪ್ಪು ನೆರಳು ಒಂದು ಸಾಕು. ಅದರೊಡನೆ ಸಮಯದ ಹಲಗೆ, ಔಷಧದ ಚೀಲ ಹಿಡಿದು ಕುಳಿತ ಮುದುಕ, ಹಗ್ಗ ಎಸೆಯುವ ಕೈ, ಶಾಲೆಯ ಮಕ್ಕಳ ಚೀಲಗಳ ರಾಶಿ ಇವು ಇದ್ದಿದ್ದರೆ ಮುಂದಿನವರಿಗೆ ಲಾಂಚಿನ ಅರ್ಥ ತಿಳಿಯುತ್ತಿತ್ತು. ಇದ್ದರೆ ಇನ್ನೂ ಹುಡುಕಿ ತೆಗೆಯಬಹುದು. ಸಾಗರ, ಹೊಸನಗರದ ಕಡೆಯ ಕುಟುಂಬಗಳು ತಮ್ಮ ಹಳೆಯ ಪೆಟ್ಟಿಗೆಗಳನ್ನೊಮ್ಮೆ ತಡಕಿ ನೋಡುವುದು ಒಳ್ಳೆಯದು.

ಆನೆಗುಂದಿಯ ಹರಿಗೋಲು

ಶರಾವತಿಯ ಲಾಂಚಿಗೆ 60 ವರ್ಷದ ಚರಿತ್ರೆಯಾದರೆ ತುಂಗಭದ್ರೆಯ ಹರಿಗೋಲಿಗೆ ಕನಿಷ್ಠ 500 ವರ್ಷಗಳ ದಾಖಲೆಯಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗುಂದಿಗೆ ದಾಟುವ ಬುಟ್ಟಿದೋಣಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು. ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುತ್ತದೆ ಎಂಬುದು ಅವನ ವಿವರಣೆಯ ಸಾರ. ಇಂದು ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ಕಿನ ಗೋಣಿ ಬಂದಿದೆ. ಬಿದಿರಿನ ಹೆಣಿಗೆ ಮತ್ತು ಸುತ್ತುವ ಗುಣ ಹಾಗೆಯೇ ಇವೆ. ಟೈಗ್ರಿಸ್ ನದಿಯ ಮೇಲೆ ಬಾಗ್ದಾದಿನವರು ಬಳಸುತ್ತಿದ್ದ ಗುಫಾ, ವೇಲ್ಸ್ ನಾಡಿನ ಮೀನುಗಾರರ ಕೊರಾಕಲ್, ವಿಯೆಟ್ನಾಮಿನ ಕಡಲತೀರದ ಬುಟ್ಟಿದೋಣಿ ಇವೆಲ್ಲ ಇದರ ದೂರದ ಬಂಧುಗಳು.

ಆನೆಗುಂದಿಯಲ್ಲಿ ಸೇತುವೆಯ ಕಥೆ ದುಃಖಕರವಾದುದು. ತಳವಾರಘಟ್ಟದ ಬಳಿ ಕಟ್ಟತೊಡಗಿದ ಸೇತುವೆ ಹಂಪೆಯ ಪಾರಂಪರಿಕ ಪರಿಸರಕ್ಕೆ ಧಕ್ಕೆ ತರುವುದೆಂದು 1999ರಲ್ಲಿ ಯುನೆಸ್ಕೋ ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು, ಮತ್ತೆ ನಡೆಯಿತು. ಕೊನೆಗೆ 2009ರ ಜನವರಿಯಲ್ಲಿ ಸೇತುವೆಯೇ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಆ ಬಳಿಕ ನದಿಯ ಕೆಳಗಡೆ ಬುಕ್ಕಸಾಗರ-ಕಡೇಬಾಗಿಲುಗಳ ನಡುವೆ ಬೇರೆ ಸೇತುವೆಯಾಯಿತು. ಹರಿಗೋಲುಗಳು ಈಗ ಬಹುಮಟ್ಟಿಗೆ ಪ್ರವಾಸಿಗರಿಗಾಗಿ ತೇಲುತ್ತವೆ. ಪ್ರವಾಸಿಗರು ಕೇಳಿದರೆಂದು ನಡುನೀರಿನಲ್ಲಿ ಅದನ್ನು ಬುಗುರಿಯಂತೆ ತಿರುಗಿಸಿ ತೋರಿಸುವುದು ಹೊಸ ಪದ್ಧತಿ. ಸಾಮಾನು ಹೊತ್ತು ದಾಟುತ್ತಿದ್ದ ಕಾಲದಲ್ಲಿ ಅಂಬಿಗನ ಜಾಣತನವೆಲ್ಲ ಅದು ತಿರುಗದಂತೆ ನೋಡಿಕೊಳ್ಳುವುದರಲ್ಲಿಯೇ ಇತ್ತು.

ಛಾಯಾಗ್ರಹಣದ ಚರಿತ್ರೆಯಲ್ಲಿಯೂ ಈ ದಡಕ್ಕೆ ಸ್ಥಾನವುಂಟು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಅವಶೇಷಗಳನ್ನು ಚಿತ್ರಿಸಿದನು. ಆ ಕಾಗದಕ್ಕೆ ಬೆಳಕು ತಾಗಲು ನಿಮಿಷಗಟ್ಟಲೆ ಸಮಯ ಬೇಕಾಗುತ್ತಿದ್ದುದರಿಂದ ಅಲುಗದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು; ಹರಿಯುವ ನೀರು ಮಂಜಿನಂತಾಗುತ್ತಿತ್ತು, ನಡೆದಾಡುವ ಮನುಷ್ಯ ಅಳಿಸಿಯೇ ಹೋಗುತ್ತಿದ್ದನು. ಅಂತಹ ಸಾಧನದಿಂದ ಹರಿಗೋಲನ್ನು ಹಿಡಿಯುವುದು ಸಾಧ್ಯವಿರಲಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ಕ್ಯಾಮೆರಾ ಇಟ್ಟು ಅದೇ ದೃಶ್ಯಗಳನ್ನು ಮರಳಿ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನೂರಿಪ್ಪತ್ತು ವರ್ಷಗಳಲ್ಲಿ ಏನಾಯಿತೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಕೆಲಸಕ್ಕೆ ದುಬಾರಿ ಸಲಕರಣೆ ಬೇಕಾಗಿಲ್ಲ. ಅಂಬಾರಗೋಡ್ಲಿನ ದಡದಲ್ಲಿ 1990ರಲ್ಲಿ ತೆಗೆದ ಕುಟುಂಬದ ಚಿತ್ರವೊಂದಿದ್ದರೆ, ಮುಂದಿನ ರಜೆಯಲ್ಲಿ ಅದೇ ದಡದಲ್ಲಿ, ಅದೇ ಗುಡ್ಡ ಹಿಂದೆ ಬರುವಂತೆ ನಿಂತು ಇನ್ನೊಂದನ್ನು ತೆಗೆದರಾಯಿತು.

ಹೊರನಾಡುಗಳಲ್ಲಿ

ದೋಣಿಯ ದಾಟನ್ನು ಊರಿನ ಹೆಮ್ಮೆಯಾಗಿ ಉಳಿಸಿಕೊಂಡ ನಗರಗಳೂ ಜಗತ್ತಿನಲ್ಲಿವೆ. ಹಾಂಗ್‌ಕಾಂಗಿನ ಸ್ಟಾರ್ ಫೆರ್ರಿಯನ್ನು 1888ರಲ್ಲಿ ಕಂಪನಿಯಾಗಿ ಆರಂಭಿಸಿದವರು ದೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಕೆಲವೇ ನಿಮಿಷಗಳ ಆ ದಾಟಿಗೆ ಅಲ್ಲಿಯ ಜನ ಎಷ್ಟು ಅಂಟಿಕೊಂಡಿದ್ದರೆಂದರೆ, 1966ರಲ್ಲಿ ಮೊದಲ ದರ್ಜೆಯ ದರ ಐದು ಸೆಂಟು ಏರುವುದೆಂದಾಗ ಯುವಕನೊಬ್ಬ ದಕ್ಕೆಯಲ್ಲಿ ಉಪವಾಸ ಕುಳಿತನು; ಅದು ಬೆಳೆದು ಗಲಭೆಯಾಯಿತು. 2006ರ ನವೆಂಬರಿನಲ್ಲಿ ಸೆಂಟ್ರಲ್ ಪ್ರದೇಶದ ಹಳೆಯ ದಕ್ಕೆಯನ್ನು ಮುಚ್ಚಿದ ರಾತ್ರಿ, ಕೊನೆಯ ದೋಣಿಯ ಚಿತ್ರ ತೆಗೆಯಲು ಜನಸಾಗರವೇ ಸೇರಿತ್ತು. ಮುಚ್ಚುವ ದಿನ ಎಲ್ಲರೂ ಬರುತ್ತಾರೆ. ನಡೆಯುತ್ತಿದ್ದ ಸಾಮಾನ್ಯ ಮಂಗಳವಾರದ ಚಿತ್ರ ಎಷ್ಟು ಜನರ ಬಳಿ ಇದೆಯೋ.

ಆ ಸಾಮಾನ್ಯ ದಿನವನ್ನು ಹಿಡಿದವರಲ್ಲಿ ಇಸ್ತಾಂಬುಲಿನ ಆರಾ ಗ್ಯೂಲರ್ ಅಗ್ರಗಣ್ಯರು. 1928ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಅವರು ಬಾಸ್ಫರಸ್ ದಾಟುವ ಹೊಗೆಯುಗುಳುವ ದೋಣಿಗಳನ್ನೂ ದಕ್ಕೆಯ ಕೂಲಿಗಳನ್ನೂ ದಶಕಗಟ್ಟಲೆ ಕಪ್ಪು-ಬಿಳುಪಿನಲ್ಲಿ ತೆಗೆದರು. 1973ರಲ್ಲಿ ಅಲ್ಲಿ ದೊಡ್ಡ ಸೇತುವೆಯಾದ ಮೇಲೂ ದೋಣಿಗಳು ನಿಲ್ಲಲಿಲ್ಲ. ಇಂದಿಗೂ ಕಚೇರಿಗೆ ಹೋಗುವವರು ಚಹಾ ಕುಡಿಯುತ್ತ ಏಷ್ಯಾದಿಂದ ಯೂರೋಪಿಗೆ ದಾಟುತ್ತಾರೆ. ಸಿಡ್ನಿಯಲ್ಲಿ ಮಾತ್ರ 1932ರಲ್ಲಿ ಸೇತುವೆ ತೆರೆದ ಕೂಡಲೆ ದೋಣಿಗಳ ಪ್ರಯಾಣಿಕರು ಬಹುಪಾಲು ಕರಗಿಹೋದರು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ದೋಣಿಗೆ 1997ರಿಂದ ಕಾಲ್ನಡೆಯ ಪ್ರಯಾಣಿಕರು ಕಾಸು ಕೊಡಬೇಕಾಗಿಲ್ಲ. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುವ ಹಿರಿಯರು ಇದನ್ನು ನೆನಪಿಡಬಹುದು.

ಕನ್ನಡ ಕರಾವಳಿಯೂ ಈ ವಿಷಯದಲ್ಲಿ ಬಡವಲ್ಲ. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ತದಡಿಯಿಂದ ಅಘನಾಶಿನಿಗೆ ದೋಣಿಗಳು ಬಹುಕಾಲದಿಂದ ಜನರನ್ನು ದಾಟಿಸಿವೆ. ಮೀನುಬುಟ್ಟಿ, ಬೈಸಿಕಲ್ಲು, ಮೋಟಾರು ಸೈಕಲ್ಲು, ಹೊಸ ಸೀರೆಯುಟ್ಟ ಮದುವೆಯ ದಿಬ್ಬಣ ಎಲ್ಲವೂ ಒಂದೇ ದೋಣಿಯಲ್ಲಿ. ಹಗ್ಗ, ಮೀನು, ಉಪ್ಪುಗಾಳಿ ಇವುಗಳ ನಡುವೆ ತೆಗೆದ ಚಿತ್ರಕ್ಕೆ ಬೇರೆಯೇ ಒಂದು ಸತ್ವವಿರುತ್ತದೆ.

ತೆಗೆಯುವ ಬಗೆ

ನೀರಿನ ಮೇಲೆ ಚಿತ್ರ ತೆಗೆಯುವವರು ಮೊದಲು ಅರಿಯಬೇಕಾದುದು ಬೆಳಕಿನ ಮೋಸವನ್ನು. ಹೊಳೆಯುವ ನೀರನ್ನು ಕಂಡ ಕ್ಯಾಮೆರಾ ಬೆಳಕು ಅತಿಯಾಯಿತೆಂದು ತಿಳಿದು ತಾನಾಗಿ ಕತ್ತಲೆ ಮಾಡಿಬಿಡುತ್ತದೆ. ದೋಣಿಯಲ್ಲಿ ಕುಳಿತವರ ಮುಖಗಳು ಇದ್ದಿಲಿನಂತೆ ಕಪ್ಪಾಗುತ್ತವೆ. ಸಾಮಾನ್ಯ ಅಳತೆಗಿಂತ ಒಂದು ಸ್ಟಾಪಿನಷ್ಟು ಹೆಚ್ಚು ಬೆಳಕು ಕೊಡಬೇಕು; ಮೊಬೈಲಿನಲ್ಲಿಯಾದರೆ ನೀರಿನ ಬದಲು ಮುಖದ ಮೇಲೆ ಬೆರಳೊತ್ತಿದರೆ ಸರಿಹೋಗುತ್ತದೆ. ಬೆಳಗಿನ ಎಂಟರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಓರೆಯಾಗಿ ಬೀಳುವ ಬಿಸಿಲು ಲೇಸು. ದಡದಿಂದ ತೆಗೆಯುವಾಗ ಮೂರು ಕಾಲಿನ ಸ್ಟ್ಯಾಂಡು ಉಪಯುಕ್ತ. ದೋಣಿಯೊಳಗೆ ಅದು ನಿರರ್ಥಕ, ಏಕೆಂದರೆ ದೋಣಿಯೇ ಅಲುಗುತ್ತಿರುತ್ತದೆ. ಹರಿಗೋಲಿನಲ್ಲಿ ಕುಳಿತು ತೆಗೆಯುವವರು ಶಟರಿನ ವೇಗವನ್ನು ಸೆಕೆಂಡಿನ 250ನೆಯ ಒಂದು ಭಾಗಕ್ಕಿಂತ ಕೆಳಗಿಳಿಸದಿರುವುದು ಕ್ಷೇಮ. ಹುಟ್ಟಿನ ಚಲನೆ ಕಾಣುವಂತೆ ನಿಧಾನವಾಗಿ ತೆಗೆಯುವ ಆಸೆಯಿದ್ದರೆ ದಡಕ್ಕೆ ಇಳಿಯಬೇಕು.

ಅಲುಗುವ ದೋಣಿಯಲ್ಲಿ ಬಹಳ ಹೊತ್ತು ಕ್ಯಾಮೆರಾದ ಕಿಂಡಿಯಲ್ಲಿಯೇ ನೋಡುತ್ತಿದ್ದರೆ ಕೆಲವರಿಗೆ ತಲೆಸುತ್ತಿ ವಾಕರಿಕೆ ಬರುವುದುಂಟು. ಕಣ್ಣು ಕಾಣುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ತಿಳಿಸುವುದಕ್ಕೂ ಹೊಂದಾಣಿಕೆ ತಪ್ಪುವುದೇ ಅದಕ್ಕೆ ಕಾರಣ. ಕ್ಯಾಮೆರಾ ಕೆಳಗಿಟ್ಟು ದೂರದ ದಡವನ್ನು ದಿಟ್ಟಿಸಿದರೆ ಸಮಾಧಾನವಾಗುತ್ತದೆ. ರಕ್ಷಾಕವಚ ಕೊಟ್ಟರೆ ತೊಡಬೇಕು, ಕೊಡದಿದ್ದರೆ ಕೇಳಬೇಕು, ಜನ ಮಿತಿಮೀರಿದ್ದರೆ ಮುಂದಿನ ದೋಣಿಗೆ ಕಾಯಬೇಕು. ಚಿತ್ರಕ್ಕಾಗಿ ಎಲ್ಲರೂ ಒಂದೇ ಬದಿಗೆ ಸರಿಯುವುದು ಎಲ್ಲಕ್ಕಿಂತ ಅಪಾಯಕರ. ಅಣೆಕಟ್ಟುಗಳ ಬಳಿ ಚಿತ್ರ ತೆಗೆಯಲು ನಿರ್ಬಂಧವಿರುತ್ತದೆ, ಫಲಕ ಓದಿಕೊಳ್ಳಬೇಕು. ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ಬಂದ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಲೆನ್ಸಿನ ಒಳಗೆ ಬೂಷ್ಟು ಬೆಳೆಯುತ್ತದೆ. ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಡಬ್ಬಿಯಲ್ಲಿಡಬೇಕು.

ಘಟ್ಟದಲ್ಲಿ ಬಟ್ಟೆ ಒಗೆಯುವ, ಸ್ನಾನ ಮಾಡುವ ಹೆಣ್ಣುಮಕ್ಕಳತ್ತ ಕ್ಯಾಮೆರಾ ತಿರುಗಿಸುವುದು ಸಭ್ಯತೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅಂಬಿಗನನ್ನು ಕೇಳಿಯೇ ತೆಗೆಯಬೇಕು. ತೆಗೆದ ಮೇಲೆ ಪ್ರತಿಯೊಂದನ್ನು ಕಳುಹಿಸುವೆನೆಂದು ಮಾತು ಕೊಟ್ಟರೆ ಕಳುಹಿಸಬೇಕು. ಹೆಚ್ಚಿನವರು ಕಳುಹಿಸುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ಇಲ್ಲಿ ಸ್ಮರಿಸುವುದು ಯೋಗ್ಯ. 1977ರಲ್ಲಿ ಪದ್ಮಶ್ರೀ ಪಡೆದ, 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರದಲ್ಲಿ ತಮ್ಮ ಮಕ್ಕಳ ಚಿತ್ರಗಳನ್ನು ಪ್ರದರ್ಶಿಸಿದ ಆ ಹಿರಿಯರು ಜೀವಮಾನವಿಡೀ ತೆಗೆದದ್ದು ಬಹುಪಾಲು ಸಾಮಾನ್ಯ ಜನರನ್ನೇ. ಅವರ ಚಿತ್ರಗಳಲ್ಲಿ ಯಾರೂ ಪ್ರದರ್ಶನದ ವಸ್ತುವಿನಂತೆ ಕಾಣುವುದಿಲ್ಲ.

ನೀರಿನ ಬೆಳಕನ್ನು ಅಭ್ಯಾಸ ಮಾಡಲು ಬಾಲಾನಗರದವರು ದೂರ ಹೋಗಬೇಕಾಗಿಲ್ಲ. ಲುಂಬಿನಿ ಉದ್ಯಾನದಿಂದ ಹುಸೇನ್ ಸಾಗರದ ನಡುವಿನ ಬುದ್ಧಮೂರ್ತಿಗೆ ಹೋಗುವ ದೋಣಿ ಸಾಕು. 1990ರ ಮಾರ್ಚಿನಲ್ಲಿ ಆ ಮೂರ್ತಿಯನ್ನು ಹೊತ್ತ ಬಾರ್ಜೇ ಕೆರೆಯಲ್ಲಿ ವಾಲಿ, ಜನ ಸತ್ತು, ಬುದ್ಧ ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿಯಲ್ಲಿದ್ದನು. 1992ರಲ್ಲಿ ಮೇಲೆತ್ತಿ ನಿಲ್ಲಿಸಲಾಯಿತು. ಕಿರಿದಾದ ದಾಟೆಂದು ನೀರನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೃಷ್ಣೆಯ ನಡುಗಡ್ಡೆಗೆ

ಅಭ್ಯಾಸವಾದ ಮೇಲೆ ಒಂದು ನಿಜವಾದ ಕಡವನ್ನು ಕಾಣಬೇಕೆನ್ನುವವರಿಗೆ ಹೈದರಾಬಾದಿನಿಂದ ಹತ್ತಿರವಾದುದು ಕುರುವಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಈ ನಡುಗಡ್ಡೆ ಸೇರಿರುವುದು ರಾಯಚೂರು ಜಿಲ್ಲೆಗೆ. ಹೈದರಾಬಾದಿನ ಭಕ್ತರು ಹೋಗುವುದು ಮೆಹಬೂಬ್‌ನಗರ, ಮಕ್ತಲ್‌ಗಳ ಮಾರ್ಗವಾಗಿ ಪಂಚದೇವಪಹಾಡಿಗೆ. ಅಲ್ಲಿ ಪುಟ್ಟಿ ಹತ್ತಿದರೆ ತೆಲಂಗಾಣದಲ್ಲಿ ಕುಳಿತು ಕರ್ನಾಟಕದಲ್ಲಿ ಇಳಿದಂತೆ. ಪುಟ್ಟಿಯೆಂಬುದು ತೆಲುಗಿನವರ ಮಾತು, ಹರಿಗೋಲು ಕನ್ನಡದ್ದು, ವಸ್ತು ಒಂದೇ. ಆ ಗಡಿಯಲ್ಲಿ ಕೃಷ್ಣಾ ಮಂಡಲದ ಹಳ್ಳಿಗಳ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವ‍ೇ ಮಾತು. ಅಂಬಿಗರು ಎರಡು ಭಾಷೆಯನ್ನೂ ಒಂದೇ ವಾಕ್ಯದಲ್ಲಿ ಬೆಸೆದು ಆಡುತ್ತಾರೆ.

1871ರಲ್ಲಿ ಮುಂಬಯಿ ಮತ್ತು ಮದರಾಸುಗಳ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ರೈಲಿಗೆ ಕೃಷ್ಣೆಯ ಮೇಲೆ ಸೇತುವೆಯಾಗಿ ಒಂದೂವರೆ ಶತಮಾನ ಕಳೆಯಿತು. ಅದೇ ನದಿಯ ಕುರ್ವಕುಲ, ಕುರ್ವಕುರ್ದ ಎಂಬ ನಡುಗಡ್ಡೆಗಳ ಜನ ಮಾತ್ರ ದಿನಸಿಗೂ ಆಸ್ಪತ್ರೆಗೂ ಹರಿಗೋಲನ್ನೇ ನೆಚ್ಚಿಕೊಂಡು ಬಂದರು. ಸೇತುವೆಯ ಕೆಲಸ ಆರಂಭವಾಗಿ ಕಂಬಗಳ ಮಟ್ಟದಲ್ಲಿಯೇ ವರ್ಷಗಟ್ಟಲೆ ಕುಂಟಿತು. 2020ರ ಆಗಸ್ಟಿನಲ್ಲಿ ಕೃಷ್ಣೆಗೆ ನೆರೆ ಬಂದಿದ್ದಾಗ, ಸಾಮಾನು ತರಲು ಪಂಚದೇವಪಹಾಡಿನ ಕಡೆ ಹೋದವರ ಹರಿಗೋಲೊಂದು ಮಗುಚಿ ನಾಲ್ವರು ಕೊಚ್ಚಿಹೋದರು. ಆ ದಾಟನ್ನು ಚಿತ್ರಿಸಲು ಹೋಗುವವರು ಈ ಸಂಗತಿಯನ್ನು ತಿಳಿದೇ ಹೋಗಬೇಕು. ನೆರೆಯ ದಿನಗಳಲ್ಲಿ ಹೋಗಲೇಬಾರದು. ಮಾಘ, ಫಾಲ್ಗುಣ ಮಾಸಗಳಲ್ಲಿ ನೀರು ತಿಳಿಯಾಗಿ, ಬಂಡೆಗಳು ಹೊರಗೆ ಕಾಣುತ್ತವೆ.

ತೆಗೆದ ಚಿತ್ರ ಮೊಬೈಲಿನಲ್ಲಿಯೇ ಉಳಿದರೆ ಆ ಯಂತ್ರ ಕೆಟ್ಟ ದಿನ ಅದೂ ಹೋಯಿತು. ನಾಲ್ಕಾರನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಹಳೆಯವರ ಕ್ರಮ: ಕಡವಿನ ಹೆಸರು, ದಿನಾಂಕ, ದಾಟಿದ ಹೊತ್ತು, ಕೊಟ್ಟ ದರ, ದೋಣಿಯಲ್ಲಿದ್ದವರು ಯಾವ ಕೆಲಸಕ್ಕೆ ಹೊರಟಿದ್ದರು ಎಂಬುದು. ಅಂಬಿಗ ಒಪ್ಪಿದರೆ ಅವನ ಹೆಸರು ಮತ್ತು ಅವನ ತಂದೆಯೂ ಇದೇ ಕೆಲಸ ಮಾಡುತ್ತಿದ್ದನೇ ಎಂಬುದನ್ನೂ ಸೇರಿಸಬಹುದು. ಪಂಚದೇವಪಹಾಡಿನಿಂದ ಬೆಳಿಗ್ಗೆ ಹೊರಟರೆ ಬಿಸಿಲು ಬೆನ್ನಿಗೋ ಮುಖಕ್ಕೋ ಎಂಬುದು ಹರಿಗೋಲು ಸುತ್ತುವುದನ್ನು ಅವಲಂಬಿಸಿದೆ. ಆದುದರಿಂದ ಹತ್ತುವ ಮೊದಲೇ, ದಡದ ಮೇಲೆ ನಿಂತು, ಆಚೆಯಿಂದ ಜನರನ್ನು ತುಂಬಿಕೊಂಡು ಬರುತ್ತಿರುವ ಒಂದನ್ನು ತೆಗೆದುಕೊಳ್ಳುವುದು ಒಳಿತು.